‘ಯೇಸುವನ್ನು ದೇವರು ಮಾಡಿದ್ದು ಚಕ್ರವರ್ತಿ’ ಎನ್ನುತ್ತಾನೆ ಮಗ: ಸಿನಿಮಾ ನೋಡಿ ಬಂದವನಿಗೆ ಏನು ಹೇಳಲಿ?

ಪ್ರಶ್ನೆ:

ನಾವು ಧಾರವಾಡದವರು, ಸಿ.ಎಸ್.ಐ. (ದಕ್ಷಿಣ ಭಾರತದ ಪ್ರಾಟೆಸ್ಟೆಂಟ್ ಚರ್ಚು) ಸಭೆಗೆ ಸೇರಿದವರು. ನಮ್ಮ ಅಜ್ಜನ ಕಾಲದಿಂದ ಮನೆಯಲ್ಲಿ ಸಂಜೆ ಪ್ರಾರ್ಥನೆ ತಪ್ಪಿಲ್ಲ. ಮಗ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಎರಡನೇ ವರ್ಷದಲ್ಲಿದ್ದಾನೆ. ಹಾಸ್ಟೆಲಿನಲ್ಲಿ ಗೆಳೆಯರ ಜೊತೆ ‘ದ ಡಾ ವಿಂಚಿ ಕೋಡ್’ ನೋಡಿದನಂತೆ. ಕ್ರಿಸ್‌ಮಸ್ ರಜೆಗೆ ಬಂದವನು, ‘ಯೇಸು ದೇವರು ಅಂತ 325ರಲ್ಲಿ ಓಟು ಹಾಕಿ ತೀರ್ಮಾನ ಮಾಡಿದ್ದು, ಅದನ್ನೇ ನೀವು ಎದ್ದು ನಿಂತು ಹೇಳ್ತೀರಿ’ ಅಂದ. ಮಗ್ದಲದ ಮರಿಯಳು ಯೇಸುವಿನ ಹೆಂಡತಿ, ಸಭೆ ಅದನ್ನು ಮುಚ್ಚಿಟ್ಟಿತು, ಎಷ್ಟೋ ಸುವಾರ್ತೆಗಳನ್ನು ಬೈಬಲಿನಿಂದ ಕಿತ್ತುಹಾಕಿದರು ಎನ್ನುತ್ತಾನೆ. ಈ ಸಲ ಚರ್ಚಿನಲ್ಲಿ ಕರ್ತನ ಭೋಜನದ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳಲು ಎದ್ದು ಹೋಗಲಿಲ್ಲ. ನಮ್ಮ ಸಭಾಪಾಲಕರಾದ ಅಯ್ಯನವರನ್ನು ಕೇಳಿದರೆ ‘ಅಂಥದ್ದೆಲ್ಲ ನೋಡಬಾರದು, ಪ್ರಾರ್ಥನೆ ಮಾಡಿ’ ಅಂದರು. ಅವರಪ್ಪ ಲ್ಯಾಪ್‌ಟಾಪ್ ಕಿತ್ತಿಟ್ಟರು, ದೊಡ್ಡ ಜಗಳವಾಯಿತು. ಹತ್ತನೇ ಕ್ಲಾಸಿನ ಮಗಳು ತಾನೂ ನೋಡಬೇಕು ಎಂದು ಹಟ ಹಿಡಿದಿದ್ದಾಳೆ. ಇದರ ನಡುವೆ ನಮ್ಮ ಮಹಿಳಾ ಸಂಘದ ವಾಟ್ಸಾಪ್ ಗುಂಪಿನಲ್ಲಿ, ಯೇಸುವನ್ನು ಸಲಿಂಗಿಯಾಗಿ ತೋರಿಸುವ ‘ಕಾರ್ಪಸ್ ಕ್ರಿಸ್ಟಿ’ ಎಂಬ ಸಿನಿಮಾ ಬರುತ್ತಿದೆ, ತಡೆಯಲು ಹೆಸರು ಸೇರಿಸಿ ಮುಂದಕ್ಕೆ ಕಳಿಸಿ ಎಂದು ಬಂದಿದೆ. ಹೆಸರು ಹಾಕಲೇ? ಮಗ ನೋಡಿದ ಸಿನಿಮಾವನ್ನು ನಾನೂ ನೋಡಲೇ? ನಾನು ಓದಿದ್ದು ಪಿಯುಸಿ. ಅವನಿಗೆ ಉತ್ತರ ಕೊಡುವಷ್ಟು ತಿಳಿವಳಿಕೆ ನನಗಿಲ್ಲ.

ಉತ್ತರ:

ಪ್ರಿಯ ಸಹೋದರಿ,

ನಿಮ್ಮ ಕೊನೆಯ ಸಾಲನ್ನು ನಾನು ಒಪ್ಪುವುದಿಲ್ಲ. ಪಿಯುಸಿ ಓದಿದವರಿಗೆ ತಿಳಿಯದಂಥದ್ದು ಇದರಲ್ಲಿ ಏನೂ ಇಲ್ಲ. ನಿಮ್ಮ ಮಗ ಕೇಳಿದ್ದು ಇತಿಹಾಸದ ಪ್ರಶ್ನೆ, ಅದಕ್ಕೆ ಇತಿಹಾಸದಲ್ಲಿ ಉತ್ತರವಿದೆ. ಆದರೆ ಅವನಿಗೆ ಈವರೆಗೆ ಸಿಕ್ಕಿರುವುದು ಪ್ರಾರ್ಥನೆಯ ಸಲಹೆ ಮತ್ತು ಲ್ಯಾಪ್‌ಟಾಪ್ ಜಪ್ತಿ. ಎರಡರಿಂದಲೂ ಅವನು ತೆಗೆದುಕೊಂಡಿರುವ ಅರ್ಥ ಒಂದೇ ಇರಬೇಕು: ಇವರ ಹತ್ತಿರ ಉತ್ತರವಿಲ್ಲ.

ಚರ್ಚ್ ಇತಿಹಾಸ ಕಲಿಸುವುದು ನನ್ನ ಕೆಲಸ. 2006ರಲ್ಲಿ ಈ ಚಿತ್ರ ಬಂದಾಗಿನಿಂದ ಇವೇ ಪ್ರಶ್ನೆಗಳನ್ನು ಕಾಲೇಜು ಮಕ್ಕಳ ಬಾಯಲ್ಲಿ ಕೇಳುತ್ತ ಬಂದಿದ್ದೇನೆ. ಚಿತ್ರ ಹಳೆಯದಾಗಿರಬಹುದು, ಆದರೆ ಪ್ರತಿ ವರ್ಷ ಯಾವುದೋ ಹಾಸ್ಟೆಲಿನಲ್ಲಿ ಯಾರೋ ಅದನ್ನು ಮೊದಲ ಸಲ ನೋಡುತ್ತಿರುತ್ತಾರೆ. ನಾನು ಕಂಡಂತೆ, ಮಕ್ಕಳನ್ನು ಸಭೆಯಿಂದ ದೂರ ಮಾಡಿದ್ದು ಚಿತ್ರದ ಸುಳ್ಳುಗಳಲ್ಲ. ಅದರಲ್ಲಿರುವ ಅರ್ಧ ಸತ್ಯಗಳನ್ನು ಹಿರಿಯರು ಒಪ್ಪಿಕೊಳ್ಳದೆ ಹೋದದ್ದು. ಹಾಗಾಗಿ ಪ್ರತಿ ವಿಷಯದಲ್ಲೂ ನಿಜವಾದದ್ದನ್ನು ಮೊದಲು ಹೇಳುತ್ತೇನೆ, ಸುಳ್ಳಿನ ಮಾತು ಆಮೇಲೆ. ಮಗನ ಜೊತೆ ಮಾತಾಡುವಾಗ ನೀವೂ ಅದೇ ಕ್ರಮ ಹಿಡಿಯಿರಿ.

ಎಲ್ಲಕ್ಕಿಂತ ಭಾರವಾದದ್ದು ನೈಸೀಯದ ಮಾತು. 325ರಲ್ಲಿ ರೋಮ್ ಚಕ್ರವರ್ತಿ ಕಾನ್‌ಸ್ಟಂಟೈನ್ ನೈಸೀಯ ಎಂಬ ಊರಿನಲ್ಲಿ ಬಿಷಪರ ಸಭೆ ಕರೆದದ್ದು ನಿಜ. ಇವತ್ತಿನ ಟರ್ಕಿಯ ಇಜ್ನಿಕ್ ಎಂಬ ಊರೇ ಅಂದಿನ ನೈಸೀಯ. ಬಿಷಪರ ಪ್ರಯಾಣದ ಖರ್ಚನ್ನೂ ಅವನೇ ನೋಡಿಕೊಂಡ. ಸಭೆಯ ತೀರ್ಮಾನಕ್ಕೆ ಸಹಿ ಹಾಕದವರನ್ನು ಗಡೀಪಾರು ಮಾಡಿದ, ಎದುರು ಪಕ್ಷದ ಆರಿಯ ಎಂಬವನ ಪುಸ್ತಕಗಳನ್ನು ಸುಡುವಂತೆ ಆಜ್ಞೆ ಹೊರಡಿಸಿದ. ಅಧಿಕಾರದಲ್ಲಿರುವವನು ದೇವರ ವಿಷಯದಲ್ಲಿ ಕೈಹಾಕಿದ್ದು ನಿಮ್ಮ ಮಗನಿಗೆ ಕಸಿವಿಸಿ ತಂದಿದ್ದರೆ ಅದು ಸರಿಯಾದ ಕಸಿವಿಸಿಯೇ. ನನಗೂ ಅದಿದೆ. ಅವನಿಗೆ ಇದನ್ನು ಹೇಳಲು ಹಿಂಜರಿಯಬೇಡಿ.

ಆದರೆ ಅಲ್ಲಿ ಚರ್ಚೆಗೆ ಬಂದ ವಿಷಯ ‘ಯೇಸು ಬರೀ ಮನುಷ್ಯನೋ ದೇವರೋ’ ಎಂಬುದಾಗಿರಲಿಲ್ಲ. ಈಜಿಪ್ಟಿನ ಅಲೆಕ್ಸಾಂಡ್ರಿಯದ ಸಭಾ ಹಿರಿಯ ಆರಿಯನೂ ಯೇಸುವನ್ನು ಆರಾಧಿಸುತ್ತಿದ್ದವನೇ. ಅವನ ವಾದ ಇಷ್ಟು: ಮಗನು ಲೋಕಕ್ಕಿಂತ ಮೊದಲೇ ಇದ್ದವನು, ದೈವಿಕನು, ಆದರೂ ತಂದೆಯಿಂದ ಸೃಷ್ಟಿಯಾದವನು, ಆದ್ದರಿಂದ ಮಗನು ಇಲ್ಲದಿದ್ದ ಒಂದು ಹೊತ್ತು ಇತ್ತು. ಉಳಿದವರು ಇದನ್ನು ಒಪ್ಪಲಿಲ್ಲ, ತಂದೆ ಎಷ್ಟು ದೇವರೋ ಮಗನೂ ಅಷ್ಟೇ ಎಂದರು. ಅಂದರೆ ಎರಡೂ ಪಕ್ಷದವರು ಯೇಸುವಿಗೆ ಪ್ರಾರ್ಥನೆ ಮಾಡುತ್ತಲೇ ಆ ಊರಿಗೆ ಬಂದವರು. ಚಿತ್ರಕ್ಕೆ ಆಧಾರವಾದ ಡ್ಯಾನ್ ಬ್ರೌನ್‌ನ ಕಾದಂಬರಿಯಲ್ಲಿ ಈ ಕಥೆ ಹೇಳುವ ಪಂಡಿತನ ಪ್ರಕಾರ ಓಟಿನ ಅಂತರ ಬಹಳ ಕಡಿಮೆ. ಅಲ್ಲಿ ಸೇರಿದ್ದವರು ಸುಮಾರು 300 ಬಿಷಪರು. ಅಲ್ಲಿ ಬರೆದ ವಿಶ್ವಾಸ ಪ್ರಮಾಣಕ್ಕೆ, ಅಂದರೆ ನಂಬಿಕೆಯ ಹೇಳಿಕೆಗೆ, ಕೊನೆಗೂ ಸಹಿ ಹಾಕದೆ ಉಳಿದ ಬಿಷಪರು ಇಬ್ಬರೇ. ಚಕ್ರವರ್ತಿಯ ಭಯಕ್ಕೆ ಸಹಿ ಹಾಕಿದವರೂ ಇದ್ದಿರಬಹುದು ಎಂದು ಮಗ ಕೇಳಿದರೆ, ಇದ್ದಿರಬಹುದು ಎಂದೇ ಹೇಳಿ. ಅದನ್ನು ಬಿಟ್ಟು ಬೇರೆ ಕಡೆ ನೋಡಲು ಹೇಳಿ.

ಎಲ್ಲಿ ನೋಡಬೇಕು? ನೈಸೀಯ ಇದ್ದದ್ದು ಬಿಥೂನ್ಯ ಪ್ರಾಂತದಲ್ಲಿ. ನಿಮ್ಮ ಬೈಬಲಿನಲ್ಲಿ ಪೇತ್ರನ ಮೊದಲ ಪತ್ರದ ಮೊದಲ ವಚನದಲ್ಲೇ ಆ ಹೆಸರಿದೆ. ಸುಮಾರು 112ರ ಹೊತ್ತಿಗೆ, ಅಂದರೆ ಆ ಸಭೆಗೆ ಇನ್ನೂರು ವರ್ಷಕ್ಕೂ ಮೊದಲು, ಆ ಪ್ರಾಂತವನ್ನು ಆಳುತ್ತಿದ್ದ ಪ್ಲಿನಿ ಎಂಬ ರೋಮನ್ ಅಧಿಕಾರಿ ಚಕ್ರವರ್ತಿ ಟ್ರಾಜನ್‌ಗೆ ಪತ್ರ ಬರೆದು, ಈ ಕ್ರೈಸ್ತರನ್ನು ಏನು ಮಾಡಲಿ ಎಂದು ಕೇಳುತ್ತಾನೆ. ಅವನು ವಿಚಾರಿಸಿ ತಿಳಿದುಕೊಂಡದ್ದು: ಇವರು ಗೊತ್ತುಮಾಡಿದ ದಿನ ಬೆಳಕು ಹರಿಯುವ ಮುಂಚೆ ಸೇರುತ್ತಾರೆ, ಕ್ರಿಸ್ತನನ್ನು ದೇವರೆಂದು ಕೀರ್ತನೆ ಹಾಡುತ್ತಾರೆ. ಇದು ನಿಜವೇ ಎಂದು ಖಚಿತ ಮಾಡಿಕೊಳ್ಳಲು, ಸಭೆಯ ಸೇವಕಿಯರು ಎನಿಸಿಕೊಂಡಿದ್ದ ಇಬ್ಬರು ದಾಸಿಯರನ್ನು ಹಿಂಸಿಸಿದೆ ಎಂದೂ ಅವನೇ ಬರೆದುಕೊಂಡಿದ್ದಾನೆ. ಈ ಪತ್ರ ಬರೆದವನು ಕ್ರೈಸ್ತನಲ್ಲ, ಕ್ರೈಸ್ತರನ್ನು ಕೊಲ್ಲಿಸುತ್ತಿದ್ದವನು. ನಮ್ಮ ಪರವಾಗಿ ಸುಳ್ಳು ಹೇಳಬೇಕಾದ ಗರಜು ಅವನಿಗೆ ಇರಲಿಲ್ಲ. ಕಾನ್‌ಸ್ಟಂಟೈನ್ ಹುಟ್ಟುವ ಮೊದಲೇ, ಅದೇ ಸೀಮೆಯಲ್ಲಿ, ಎರಡು ಬಡ ಹೆಂಗಸರು ಯಾವುದಕ್ಕಾಗಿ ಏಟು ತಿಂದರೋ ಅದನ್ನು ಅವನು ಹುಟ್ಟುಹಾಕಿದ ಎಂದು ಹೇಗೆ ಹೇಳುವುದು? ತರಗತಿಯಲ್ಲಿ ಈ ಪತ್ರ ಓದಿಸುವಾಗ ಪ್ರತಿ ಸಲ ನನ್ನ ಧ್ವನಿ ತಗ್ಗುತ್ತದೆ.

ಇನ್ನೂ ಬೇಕೆಂದರೆ, 2005ರಲ್ಲಿ ಇಸ್ರೇಲಿನ ಮೆಗಿದ್ದೋದಲ್ಲಿ ಸಿಕ್ಕ ಮೂರನೇ ಶತಮಾನದ ಪ್ರಾರ್ಥನಾ ಮಂದಿರದ ನೆಲದ ಮೇಲೆ, ಒಬ್ಬ ಹೆಂಗಸು ‘ದೇವರಾದ ಯೇಸು ಕ್ರಿಸ್ತನಿಗೆ’ ಮೇಜು ಅರ್ಪಿಸಿದಳು ಎಂಬ ಬರಹವಿದೆ. ಪೌಲನು ಫಿಲಿಪ್ಪಿಯವರಿಗೆ ಬರೆದ ಪತ್ರದ ಎರಡನೇ ಅಧ್ಯಾಯ ಯೇಸುವನ್ನು ದೇವಸ್ವರೂಪನೆನ್ನುತ್ತದೆ, ಅದು ಇವೆಲ್ಲಕ್ಕಿಂತ ಹಳೆಯದು. ಚಕ್ರವರ್ತಿಯ ವಿಷಯದಲ್ಲಿ ಇನ್ನೊಂದು ಸಂಗತಿ: ಕೆಲವೇ ವರ್ಷಗಳಲ್ಲಿ ಕಾನ್‌ಸ್ಟಂಟೈನ್ ಆರಿಯನ ಕಡೆಯವರಿಗೆ ಒಲಿದ, ನೈಸೀಯದ ಪಕ್ಷದ ಮುಂದಾಳು ಅಥನಾಸಿಯನನ್ನೇ ಗಡೀಪಾರು ಮಾಡಿದ, 337ರಲ್ಲಿ ಸಾಯುವ ಮುಂಚೆ ದೀಕ್ಷಾಸ್ನಾನ ತೆಗೆದುಕೊಂಡದ್ದೂ ಆರಿಯನ ಸ್ನೇಹಿತನಾದ ಬಿಷಪನ ಕೈಯಲ್ಲಿ. ಅವನ ಮಕ್ಕಳಲ್ಲಿ ಕಾನ್‌ಸ್ಟಾಂಷಿಯಸ್ ಅಂತೂ ಬಹಿರಂಗವಾಗಿ ಆರಿಯನ ಪಕ್ಷದವನು. ಅರಮನೆಯ ಬಲದಿಂದಲೇ ಎಲ್ಲ ತೀರ್ಮಾನವಾಗುತ್ತಿದ್ದರೆ ನಾವಿವತ್ತು ಆರಿಯನ ಮಾತನ್ನು ಹೇಳುತ್ತಿರಬೇಕಿತ್ತು. ಜಗಳ ಐವತ್ತು ವರ್ಷಕ್ಕೂ ಮೇಲೆ ನಡೆಯಿತು. ಕರ್ತನ ಭೋಜನದ ಆರಾಧನೆಯಲ್ಲಿ ನೀವು ಹೇಳುವ ನೈಸೀಯ ವಿಶ್ವಾಸ ಪ್ರಮಾಣದ ಈಗಿನ ರೂಪ 381ರ ಕಾನ್‌ಸ್ಟಾಂಟಿನೋಪಲ್ ಸಭೆಗೆ ಸೇರಿದ್ದು.

ಇನ್ನು ಮಗ್ದಲದ ಮರಿಯಳು. ಇಲ್ಲಿ ಚಿತ್ರ ಒಂದು ನಿಜವಾದ ಗಾಯದ ಮೇಲೆ ಬೆರಳಿಟ್ಟಿದೆ. ಸುವಾರ್ತೆಗಳನ್ನು ನೀವೇ ತೆರೆದು ನೋಡಿ. ಲೂಕ 8ರಲ್ಲಿ ಆಕೆ ಗುಣ ಹೊಂದಿದವಳು, ತನ್ನ ಆಸ್ತಿಯಿಂದ ಯೇಸುವಿನ ತಂಡವನ್ನು ಸಲಹಿದ ಸ್ತ್ರೀಯರಲ್ಲಿ ಒಬ್ಬಳು. ಯೋಹಾನ 20ರಲ್ಲಿ ಎದ್ದುಬಂದ ಯೇಸುವನ್ನು ಮೊದಲು ಕಂಡವಳು, ಶಿಷ್ಯರಿಗೆ ಸುದ್ದಿ ಮುಟ್ಟಿಸಿದವಳು. ಆಕೆ ಸೂಳೆಯಾಗಿದ್ದಳು ಎಂದು ಎಲ್ಲಿಯೂ ಬರೆದಿಲ್ಲ. 591ರಲ್ಲಿ ಪೋಪ್ ಗ್ರೆಗೊರಿ ಒಂದು ಪ್ರಸಂಗದಲ್ಲಿ, ಲೂಕ 7ರಲ್ಲಿ ಬರುವ ಹೆಸರಿಲ್ಲದ ಪಾಪಿ ಹೆಂಗಸನ್ನೂ ಬೇಥಾನ್ಯದ ಮರಿಯಳನ್ನೂ ಈಕೆಯನ್ನೂ ಸೇರಿಸಿ ಒಬ್ಬಳೇ ಮಾಡಿದರು. ಆ ಕಳಂಕ ಸುಮಾರು ಹದಿನಾಲ್ಕು ಶತಮಾನ ಉಳಿಯಿತು. ರೋಮನ್ ಕೆಥೊಲಿಕ್ ಸಭೆ 1969ರ ಪಂಚಾಂಗ ಪರಿಷ್ಕರಣೆಯಲ್ಲಿ ಆ ಬೆರಕೆಯನ್ನು ಕೈಬಿಟ್ಟಿತು, 2016ರಲ್ಲಿ ಪೋಪ್ ಫ್ರಾನ್ಸಿಸ್ ಜುಲೈ 22ರ ಆಕೆಯ ನೆನಪಿನ ದಿನವನ್ನು ಅಪೊಸ್ತಲರ ಹಬ್ಬಗಳ ದರ್ಜೆಗೆ ಏರಿಸಿದರು. ಪೋಪರ ಮಾತಿಗೆ ಕಟ್ಟುಬೀಳದ ನಾವು ಪ್ರಾಟೆಸ್ಟೆಂಟರು ಮಾತ್ರ ಸಂಡೇ ಸ್ಕೂಲ್ ನಾಟಕದಲ್ಲಿ ಆಕೆಗೆ ಅದೇ ಪಾತ್ರ ಕೊಡುತ್ತ ಬಂದಿದ್ದೇವೆ. ‘ಸಭೆ ಈ ಹೆಂಗಸಿಗೆ ಅನ್ಯಾಯ ಮಾಡಿದೆ’ ಎಂದು ಮಗ ಹೇಳಿದರೆ ಎರಡನೇ ಮಾತಿಲ್ಲದೆ ಒಪ್ಪಿಕೊಳ್ಳಿ.

ಹೆಂಡತಿಯಾಗಿದ್ದಳು ಎಂಬ ಮಾತಿಗೆ ಮಾತ್ರ ಆಧಾರವಿಲ್ಲ. ಚಿತ್ರ ಮುಂದಿಡುವ ‘ಫಿಲಿಪ್ಪನ ಸುವಾರ್ತೆ’ 1945ರಲ್ಲಿ ಈಜಿಪ್ಟಿನ ನಾಗ್ ಹಮ್ಮಾದಿ ಬಳಿ ಸಿಕ್ಕ ಹಳೆಯ ಹಸ್ತಪ್ರತಿಗಳಲ್ಲಿ ಒಂದು. ಅದನ್ನು ಬರೆದದ್ದು ಯೇಸುವಿನ ಕಾಲಕ್ಕೆ ನೂರು ವರ್ಷಕ್ಕೂ ಹೆಚ್ಚು ಆದಮೇಲೆ. ಯೇಸು ಆಕೆಗೆ ಮುತ್ತಿಡುತ್ತಿದ್ದ ಎಂಬ ಸಾಲಿನಲ್ಲಿ, ಎಲ್ಲಿ ಎಂಬ ಜಾಗಕ್ಕೆ ಬರುವಷ್ಟರಲ್ಲಿ ಹಾಳೆಗೆ ತೂತು ಬಿದ್ದಿದೆ. ಆ ತೂತನ್ನು ಕಾದಂಬರಿಕಾರ ತನಗೆ ಬೇಕಾದಂತೆ ತುಂಬಿದ್ದಾನೆ. ಅವರಿಬ್ಬರಿಗೆ ಮದುವೆಯಾಗಿತ್ತು ಎಂದು ಆ ಪುಸ್ತಕವೂ ಹೇಳುವುದಿಲ್ಲ. ಇನ್ನೊಂದು ಕಡೆಯಿಂದ ಯೋಚಿಸಿ: ಮೊದಲನೆಯ ಕೊರಿಂಥ ಪತ್ರದ 9ನೇ ಅಧ್ಯಾಯದಲ್ಲಿ ಪೌಲನು, ಅಪೊಸ್ತಲರು, ಕರ್ತನ ತಮ್ಮಂದಿರು, ಪೇತ್ರ ಇವರೆಲ್ಲ ಹೆಂಡತಿಯರನ್ನು ಕರೆದುಕೊಂಡು ತಿರುಗುತ್ತಾರಲ್ಲ, ನಮಗೂ ಆ ಹಕ್ಕಿಲ್ಲವೇ ಎಂದು ವಾದಿಸುತ್ತಾನೆ. ಯೇಸುವಿಗೆ ಹೆಂಡತಿ ಇದ್ದಿದ್ದರೆ ಅವನ ವಾದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿತ್ತೇ? ಮಗ ಅಂತರ್ಜಾಲದಲ್ಲಿ ಹುಡುಕಿದರೆ ‘ಯೇಸುವಿನ ಹೆಂಡತಿಯ ಸುವಾರ್ತೆ’ ಎಂಬ ತುಣುಕೂ ಅವನಿಗೆ ಸಿಗುತ್ತದೆ. 2012ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ವಿದ್ವಾಂಸೆಯೊಬ್ಬರು ಅದನ್ನು ಪ್ರಕಟಿಸಿದರು. 2016ರ ಹೊತ್ತಿಗೆ ಅದು ನಕಲಿ ಇರಬೇಕೆಂದು ಅವರೇ ಒಪ್ಪಿಕೊಂಡರು. ಆ ಎರಡನೇ ಸುದ್ದಿ ಅಷ್ಟಾಗಿ ಹರಡಲಿಲ್ಲ.

ಕಿತ್ತುಹಾಕಿದ ಸುವಾರ್ತೆಗಳ ವಿಷಯ. ನೈಸೀಯದಲ್ಲಿ ಬೈಬಲಿನ ಪುಸ್ತಕಗಳ ಪಟ್ಟಿ ತಯಾರಾಗಲೇ ಇಲ್ಲ. ಆ ಸಭೆ ಹೊರಡಿಸಿದ 20 ನಿಯಮಗಳು ನಮ್ಮ ಕೈಯಲ್ಲಿವೆ, ಅವುಗಳಲ್ಲಿ ಅದರ ಸುದ್ದಿಯೇ ಇಲ್ಲ. ಸುಮಾರು 180ರಲ್ಲಿ ಲಿಯೋನ್ ನಗರದ ಬಿಷಪ್ ಐರೆನೇಯಸ್ ಮತ್ತಾಯ, ಮಾರ್ಕ, ಲೂಕ, ಯೋಹಾನ ಎಂಬ ನಾಲ್ಕೇ ಸುವಾರ್ತೆಗಳು ಎಂದು ವಾದಿಸುತ್ತಾನೆ. ಹೊಸ ಒಡಂಬಡಿಕೆಯ 27 ಪುಸ್ತಕಗಳು ನಮ್ಮಲ್ಲಿರುವಂತೆಯೇ ಒಂದು ಪಟ್ಟಿಯಲ್ಲಿ ಕಾಣಿಸುವುದು 367ರಲ್ಲಿ, ಅಥನಾಸಿಯನ ಪತ್ರದಲ್ಲಿ.

ಆದರೆ ಇಲ್ಲೂ ಮಗನಿಂದ ಏನನ್ನೂ ಬಚ್ಚಿಡಬೇಡಿ. ಇಬ್ರಿಯರಿಗೆ ಬರೆದ ಪತ್ರ, ಪೇತ್ರನ ಎರಡನೇ ಪತ್ರ, ಪ್ರಕಟನೆ ಇವುಗಳ ಬಗ್ಗೆ ಬಹಳ ಕಾಲ ಅನುಮಾನಗಳಿದ್ದವು. ಮಾರ್ಕನ ಸುವಾರ್ತೆಯ ಕೊನೆಯ 12 ವಚನಗಳು ಅತಿ ಹಳೆಯ ಪ್ರತಿಗಳಲ್ಲಿ ಇಲ್ಲ, ಹಾದರದಲ್ಲಿ ಸಿಕ್ಕಿಬಿದ್ದ ಹೆಂಗಸಿನ ಪ್ರಸಂಗವೂ ಇಲ್ಲ. ನಿಮ್ಮ ಕೆಥೊಲಿಕ್ ನೆಂಟರ ಮನೆಯ ಬೈಬಲಿನಲ್ಲಿ ನಿಮ್ಮದರಲ್ಲಿಲ್ಲದ ಪುಸ್ತಕಗಳಿವೆ. ಇನ್ನು ಕನ್ನಡದ ಬೈಬಲಾದರೂ ಒಬ್ಬರ ಕೈಯಿಂದ ಒಂದೇ ಏಟಿಗೆ ಬಂದದ್ದಲ್ಲ. ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ವರ್ಷಗಟ್ಟಲೆ ಕೂತು ಮಾಡಿದ ಅನುವಾದವನ್ನು ಆಮೇಲೆ ಬಂದ ಬಾಸೆಲ್ ಮಿಷನ್ನಿನವರೂ ಇತರರೂ ತಿದ್ದಿದರು, ಅದು ಮತ್ತೆ ಪರಿಷ್ಕರಣೆಯಾಯಿತು. ದೇವರ ವಾಕ್ಯ ಮನುಷ್ಯರ ಕೈ ಹಾದು ಬಂದಿದೆ ಎಂಬುದನ್ನು ಸಂಡೇ ಸ್ಕೂಲಿನಲ್ಲಿ ನಾವು ಹೇಳುವುದಿಲ್ಲ. ಹುಡುಗನಿಗೆ ಅದು ಮೊದಲ ಸಲ ಗೊತ್ತಾಗುವುದು ಒಂದು ಥ್ರಿಲ್ಲರ್ ಚಿತ್ರದಿಂದ ಎಂದಾದರೆ, ಇಷ್ಟು ದಿನ ಮುಚ್ಚಿಟ್ಟರು ಎಂದು ಅವನಿಗೆ ಅನಿಸದೆ ಇನ್ನೇನು ಅನಿಸೀತು?

ಉಳಿದದ್ದು ಬೇಗ ಮುಗಿಯುತ್ತದೆ. 1099ರಲ್ಲಿ ಶುರುವಾಯಿತೆಂದು ಕಾದಂಬರಿಯ ಮೊದಲ ಪುಟದಲ್ಲೇ ವಾಸ್ತವ ಎಂದು ಹೇಳಿರುವ ‘ಪ್ರಯರಿ ಆಫ್ ಸಿಯೋನ್’ ಎಂಬ, ಮರಿಯಳ ಗುಟ್ಟು ಕಾಯುತ್ತದೆ ಎನ್ನುವ ರಹಸ್ಯ ಸಂಘವನ್ನು 1956ರಲ್ಲಿ ಫ್ರಾನ್ಸಿನಲ್ಲಿ ಪಿಯೆರ್ ಪ್ಲಾಂಟಾರ್ ಎಂಬಾತ ನೋಂದಾಯಿಸಿದ. ಅದರ ‘ಪುರಾತನ’ ದಾಖಲೆಗಳು 1960ರ ದಶಕದಲ್ಲಿ ಹುಟ್ಟಿಸಿ ಪ್ಯಾರಿಸಿನ ರಾಷ್ಟ್ರೀಯ ಗ್ರಂಥಾಲಯಕ್ಕೆ ಸೇರಿಸಿದಂಥವು. ಲಿಯೊನಾರ್ಡೊ ಡಾ ವಿಂಚಿ ಬರೆದ ಕೊನೆಯ ಭೋಜನದ ಚಿತ್ರದಲ್ಲಿ ಯೇಸುವಿನ ಪಕ್ಕ ಇರುವುದು ಮರಿಯಳಲ್ಲ, ಶಿಷ್ಯ ಯೋಹಾನ. ಅವನನ್ನು ಗಡ್ಡವಿಲ್ಲದ ಎಳೆಯ ಹುಡುಗನಾಗಿ ಬರೆಯುವುದು ಆ ಕಾಲದ ಕಲಾವಿದರ ರೂಢಿ. ಸಿನಿಮಾದ ಕೊಲೆಗಾರ ಸನ್ಯಾಸಿ ಸೇರಿರುವ ಒಪುಸ್ ದೇಯಿ ಎಂಬುದು 1928ರಲ್ಲಿ ಸ್ಪೇನಿನಲ್ಲಿ ಶುರುವಾದ ನಿಜವಾದ ಕೆಥೊಲಿಕ್ ಸಂಸ್ಥೆ, ಆದರೆ ಅದರಲ್ಲಿ ಸನ್ಯಾಸಿಗಳೇ ಇಲ್ಲ.

ಇಷ್ಟೆಲ್ಲ ಆಧಾರಗಳಿದ್ದೂ ಚಿತ್ರ ಯಾಕೆ ಇಷ್ಟು ನಾಟುತ್ತದೆ? ಒಂದು ಕಾರಣ ಸಿನಿಮಾದ ಸ್ವಭಾವದಲ್ಲೇ ಇದೆ. ಪಾತ್ರ ಒಂದು ಊಹೆ ಹೇಳುತ್ತಿರುವಾಗಲೇ ತೆರೆಯ ಮೇಲೆ ಹಳೆಯ ಕಾಲ ಎದ್ದು ಬರುತ್ತದೆ, ಕಣ್ಣು ಕಂಡದ್ದನ್ನು ಮನಸ್ಸು ನಡೆದದ್ದು ಎಂದೇ ಇಟ್ಟುಕೊಳ್ಳುತ್ತದೆ. ಇನ್ನೊಂದು ಕಾರಣಕ್ಕೆ ಜವಾಬ್ದಾರರು ನಾವು. ಅಮೆರಿಕದ ಬಾಸ್ಟನ್ನಿನಲ್ಲಿ ಪಾದ್ರಿಗಳು ಮಕ್ಕಳ ಮೇಲೆ ನಡೆಸಿದ ಲೈಂಗಿಕ ದೌರ್ಜನ್ಯವನ್ನು ಮೇಲಿನವರು ಮುಚ್ಚಿಟ್ಟದ್ದು ಪತ್ರಿಕೆಯಲ್ಲಿ ಬಯಲಾದದ್ದು 2002ರಲ್ಲಿ. ಈ ಕಾದಂಬರಿ ಬಂದದ್ದು 2003ರಲ್ಲಿ. ‘ಚರ್ಚು ಮುಚ್ಚಿಡುತ್ತದೆ’ ಎಂಬ ಕಥೆಗೆ ಓದುಗರು ಆಗಲೇ ತಯಾರಾಗಿದ್ದರು. ನಮ್ಮಲ್ಲೂ ಸಭೆಯ ಆಸ್ತಿ, ಚುನಾವಣೆಗಳ ಜಗಳ ಕೋರ್ಟು ಹತ್ತುವುದನ್ನು ಮಕ್ಕಳು ನೋಡುತ್ತಲೇ ಬೆಳೆಯುತ್ತಾರೆ. ಹಿರಿಯರ ಮೇಲಿನ ನಂಬಿಕೆ ಮೊದಲೇ ಸಡಿಲವಾಗಿದ್ದರೆ ಮಾತ್ರ ಇಂಥ ಕಥೆ ಒಳಗೆ ಇಳಿಯುತ್ತದೆ. ಆದ್ದರಿಂದ ಮಗನನ್ನು ಒಂದು ಮಾತು ಕೇಳಿ ನೋಡಿ: ಸಿನಿಮಾಕ್ಕಿಂತ ಮುಂಚೆಯೇ ಏನಾದರೂ ಬೇಸರವಾಗಿತ್ತೇ? ನನ್ನ ಬಳಿ ಬರುವ ಹುಡುಗರಲ್ಲಿ ಬಹಳಷ್ಟು ಜನಕ್ಕೆ ಆಗಿರುತ್ತದೆ. ಹಾಗಿದ್ದರೆ ಪ್ಲಿನಿಯ ಪತ್ರ ತೋರಿಸಿ ಪ್ರಯೋಜನವಿಲ್ಲ, ಆ ಬೇಸರವನ್ನು ಕೂತು ಕೇಳಬೇಕು.

ಇತಿಹಾಸದ ಮಿತಿಯನ್ನೂ ಹೇಳಿಬಿಡುತ್ತೇನೆ. ಮೇಲಿನ ಆಧಾರಗಳು ತೋರಿಸುವುದು, ಕ್ರೈಸ್ತರು 325ಕ್ಕಿಂತ ಬಹಳ ಮೊದಲೇ ಯೇಸುವನ್ನು ದೇವರೆಂದು ಆರಾಧಿಸುತ್ತಿದ್ದರು ಎಂಬುದನ್ನು. ಯೇಸು ದೇವರೇ ಎಂಬುದನ್ನು ಅವು ಸಾಬೀತು ಮಾಡುವುದಿಲ್ಲ, ಮಾಡಲಾರವು. ಎಂಜಿನಿಯರಿಂಗ್ ಓದುವ ಹುಡುಗನಿಗೆ ಈ ವ್ಯತ್ಯಾಸ ನಿಮಿಷದಲ್ಲಿ ಹೊಳೆಯುತ್ತದೆ. ನೀವು ಎರಡನ್ನೂ ಕಲಸಿ ‘ನೋಡು, ಸಾಬೀತಾಯಿತು’ ಎಂದರೆ ಮೊದಲನೆಯದನ್ನೂ ಅವನು ನಂಬುವುದಿಲ್ಲ.

ಈಗ ಏನು ಮಾಡಬಹುದು ಎಂಬ ವಿಚಾರ. ಮೊದಲು ಲ್ಯಾಪ್‌ಟಾಪ್ ವಾಪಸ್ ಕೊಡಿಸಿ. ಕಿತ್ತಿಟ್ಟ ವಸ್ತು ಮಾತಿನ ನಡುವೆ ಕೂತಿರುವ ತನಕ ಮಾತು ಸಾಗದು. ಅವರಪ್ಪನಿಗೆ ಇದು ಸೋಲಿನಂತೆ ಕಾಣಬಹುದು. ಅವರ ಸಿಟ್ಟಿನ ಕೆಳಗೆ ಮಗನನ್ನು ಕಳೆದುಕೊಳ್ಳುವ ಭಯವಿದೆ ಎಂದು ನನಗೆ ಅನಿಸುತ್ತದೆ. ಆ ಭಯವನ್ನು ಅವರು ಮಗನಿಗೆ ಬಾಯಿಬಿಟ್ಟು ಹೇಳಿದರೆ ಅದು ಯಾವ ವಾದಕ್ಕಿಂತ ಹೆಚ್ಚು ಮುಟ್ಟುತ್ತದೆ.

ನೀವು ಆ ಚಿತ್ರ ನೋಡಬೇಕೇ? ನಿಮ್ಮ ಮನಸ್ಸು ಒಪ್ಪಿದರೆ ಮಗನ ಜೊತೆ ಕೂತು ನೋಡಿ. ನೋಡದೆ ಬೈದರೆ ಅವನು ಒಂದೇ ಪ್ರಶ್ನೆಯಲ್ಲಿ ನಿಮ್ಮ ಬಾಯಿ ಮುಚ್ಚಿಸುತ್ತಾನೆ. ಇದರಲ್ಲಿ ಅಪಾಯವೂ ಇದೆ: ಪ್ರತಿ ದೃಶ್ಯಕ್ಕೂ ನಿಲ್ಲಿಸಿ ‘ಇದು ಸುಳ್ಳು’ ಎನ್ನುತ್ತ ಹೋದರೆ ವಾದ ಗೆದ್ದು ಮಗನನ್ನು ಸೋಲುತ್ತೀರಿ. ಸುಮ್ಮನೆ ಪೂರ್ತಿ ನೋಡಿ, ಆಮೇಲೆ ‘ನಿನಗೆ ಯಾವುದು ಹೆಚ್ಚು ನಾಟಿತು?’ ಎಂದಷ್ಟೇ ಕೇಳಿ. ನೋಡಲು ಮನಸ್ಸಾಗದಿದ್ದರೆ ಅದೂ ಸರಿ, ಕೊರಿಂಥದವರಿಗೆ ಪೌಲ ಬರೆದಂತೆ ಒಬ್ಬೊಬ್ಬರ ಮನಸ್ಸಾಕ್ಷಿಗೆ ಬೆಲೆಯಿದೆ. ಆಗ ‘ನನಗೆ ನೋಡಲು ಕಷ್ಟವಾಗುತ್ತದೆ, ನೀನು ಕಂಡದ್ದನ್ನು ಹೇಳು’ ಎನ್ನಿ. ನೋಡಿದ್ದೇನೆ ಎಂದು ಸುಳ್ಳು ಮಾತ್ರ ಹೇಳಬೇಡಿ.

ಮಗಳ ವಿಷಯ ಬೇರೆ. ಭಾರತದಲ್ಲಿ ಈ ಚಿತ್ರಕ್ಕೆ ‘ಎ’ ಪ್ರಮಾಣಪತ್ರ ಸಿಕ್ಕಿತ್ತು. ಕೊಲೆಗಳಿವೆ, ಒಬ್ಬ ಮನುಷ್ಯ ತನ್ನನ್ನೇ ಹೊಡೆದುಕೊಂಡು ರಕ್ತ ಸುರಿಸುವ ದೃಶ್ಯಗಳಿವೆ. ಹತ್ತನೇ ಕ್ಲಾಸಿನವಳಿಗೆ ಬೇಡ ಎನ್ನುವುದು ನಿಮ್ಮ ಹಕ್ಕು. ಆದರೆ ಕಾರಣ ಹೇಳುವಾಗ ಹಿಂಸೆಯನ್ನೇ ಕಾರಣವಾಗಿ ಹೇಳಿ, ಯೇಸುವಿನ ಬಗ್ಗೆ ಇರುವ ಪ್ರಶ್ನೆಯನ್ನಲ್ಲ. ಅಣ್ಣನ ಪ್ರಶ್ನೆಗಳ ಚರ್ಚೆಗೆ ಅವಳನ್ನೂ ಕೂರಿಸಿಕೊಳ್ಳಿ. ಮಗ್ದಲದ ಮರಿಯಳ ಕಥೆ ಅವಳಿಗೇ ಹೆಚ್ಚು ಬೇಕಾದದ್ದು.

ವಾಟ್ಸಾಪ್ ಮನವಿಗೆ ಹೆಸರು ಹಾಕಬೇಡಿ. ಆ ಹೆಸರಿನ ನಾಟಕವೊಂದು 1998ರಲ್ಲಿ ನ್ಯೂಯಾರ್ಕಿನಲ್ಲಿ ಆಡಿದ್ದು ನಿಜ. ಅದು ಕಥಾಚಿತ್ರವಾಗಿ ಬರುತ್ತಿದೆ ಎಂಬ ಸುದ್ದಿ ಮೊದಲು ಇ-ಮೇಲಿನಲ್ಲಿ, ಈಗ ವಾಟ್ಸಾಪಿನಲ್ಲಿ, ಇಪ್ಪತ್ತು ವರ್ಷಕ್ಕೂ ಮೇಲಿನಿಂದ ಸುತ್ತುತ್ತಿದೆ. ಅಂಥ ಚಿತ್ರ ಬಂದೇ ಇಲ್ಲ. ಸತ್ಯದ ಹೆಸರಿನಲ್ಲಿ ನಾವೇ ಸುಳ್ಳು ಹರಡಿದ್ದು ಗೊತ್ತಾದ ದಿನ ಮಗನ ಮುಂದೆ ನಮ್ಮ ಯಾವ ಮಾತೂ ನಿಲ್ಲುವುದಿಲ್ಲ. ಸಂಘದ ಗುಂಪಿನಲ್ಲಿ ಯಾರನ್ನೂ ನೋಯಿಸದೆ ಇದನ್ನು ತಿಳಿಸಿ.

ನಿಜವಾಗಿಯೂ ನೋವು ತರುವ ಚಿತ್ರ ಬಂದರೆ? ನೋಡದಿರುವುದು, ನೋಡಬೇಡಿ ಎಂದು ಹೇಳುವುದು, ಪತ್ರಿಕೆಗೆ ಬರೆಯುವುದು, ಸೆನ್ಸಾರ್ ಮಂಡಳಿಗೆ ಮನವಿ ಕೊಡುವುದು ಎಲ್ಲವೂ ನಿಮ್ಮ ಹಕ್ಕು. 2006ರಲ್ಲಿ ಕ್ರೈಸ್ತ ಮುಖಂಡರ ಆಕ್ಷೇಪದ ನಂತರ, ಇದು ಕಟ್ಟುಕಥೆ ಎಂಬ ಸೂಚನೆಯೊಂದಿಗೆ ಈ ಚಿತ್ರ ಇಲ್ಲಿ ಬಿಡುಗಡೆಯಾಯಿತು. ಅದು ನ್ಯಾಯವಾದ ಬೇಡಿಕೆಯಾಗಿತ್ತು, ಫಲವೂ ಸಿಕ್ಕಿತು. ಅಷ್ಟಕ್ಕೆ ನಿಲ್ಲದೆ ಆಂಧ್ರಪ್ರದೇಶ, ತಮಿಳುನಾಡು ಸೇರಿ ಕೆಲವು ರಾಜ್ಯಗಳು ಚಿತ್ರವನ್ನೇ ನಿಷೇಧಿಸಿದವು. ಆಂಧ್ರ ಮತ್ತು ಮದ್ರಾಸ್ ಹೈಕೋರ್ಟುಗಳು ಕೆಲವೇ ವಾರಗಳಲ್ಲಿ ಆ ಆದೇಶಗಳನ್ನು ರದ್ದುಪಡಿಸಿದವು. ಮಂಡಳಿ ಒಪ್ಪಿದ ಚಿತ್ರವನ್ನು ಗಲಾಟೆ ಆಗಬಹುದೆಂಬ ಹೆದರಿಕೆಯಿಂದ ತಡೆಯುವಂತಿಲ್ಲ ಎಂದು ಸುಪ್ರೀಂ ಕೋರ್ಟು 1989ರಲ್ಲೇ ರಂಗರಾಜನ್ ಪ್ರಕರಣದಲ್ಲಿ ಹೇಳಿತ್ತು. ಚಿತ್ರ ಜಗತ್ತಿನಾದ್ಯಂತ ಸುಮಾರು 76 ಕೋಟಿ ಡಾಲರ್ ಗಳಿಸಿತು. ಕೆಲವರು ಪೊಲೀಸ್ ದೂರಿನ ಮಾತೂ ಆಡುತ್ತಾರೆ. ಹಳೆಯ 295ಎ ಕಲಮು ಈಗ ಭಾರತೀಯ ನ್ಯಾಯ ಸಂಹಿತೆಯ 299ನೇ ಕಲಮು. ಬೇಕೆಂದೇ, ದುರುದ್ದೇಶದಿಂದ ಧಾರ್ಮಿಕ ಭಾವನೆಗೆ ಧಕ್ಕೆ ತಂದದ್ದು ಸಾಬೀತಾದರೆ ಮಾತ್ರ ಅದು ನಿಲ್ಲುತ್ತದೆ. ನೆನಪಿಡಿ, ಅದೇ ಕಲಮನ್ನು ನಾಳೆ ನಮ್ಮ ಅಯ್ಯನವರ ಪ್ರಸಂಗದ ಮೇಲೆ ಇನ್ನೊಬ್ಬರು ಹಾಕಬಹುದು. ಸಂಖ್ಯೆಯಲ್ಲಿ ಚಿಕ್ಕವರಾದ ನಾವು ಆ ಬಾಗಿಲು ಬಡಿಯುವ ಮುಂಚೆ ಬಹಳ ಯೋಚಿಸಬೇಕು. ಇನ್ನು ಬಲಪ್ರಯೋಗದ ಗತಿ 1988ರಲ್ಲಿ ಪ್ಯಾರಿಸಿನಲ್ಲಿ ಕಂಡಿದೆ: ಯೇಸುವಿನ ಬಗೆಗಿನ ಇನ್ನೊಂದು ಚಿತ್ರ ತೋರಿಸುತ್ತಿದ್ದ ಥಿಯೇಟರಿಗೆ ಕ್ರೈಸ್ತರೆನಿಸಿಕೊಂಡವರೇ ಬೆಂಕಿಯಿಟ್ಟರು, ನೋಡಲು ಬಂದವರು ಸುಟ್ಟ ಗಾಯಗಳಿಂದ ಆಸ್ಪತ್ರೆ ಸೇರಿದರು.

ಕರ್ತನ ಭೋಜನದ ಬಗ್ಗೆ ನೀವು ನೇರವಾಗಿ ಕೇಳಿಲ್ಲ, ಆದರೆ ನಿಮಗೆ ಹೆಚ್ಚು ಚುಚ್ಚಿರುವುದು ಅದೇ ಎಂದು ನನಗನಿಸುತ್ತದೆ. ಒತ್ತಾಯ ಮಾಡಬೇಡಿ. ನಂಬಿಕೆ ಅಲುಗಾಡುತ್ತಿರುವಾಗ ಜನರ ಕಣ್ಣಿಗಾಗಿ ಎದ್ದು ಹೋಗದೆ ಕೂತನಲ್ಲ, ಅವನು ಅದನ್ನು ಹಗುರವಾಗಿ ತೆಗೆದುಕೊಂಡಿಲ್ಲ ಎಂದರ್ಥ. ಅವನು ಮರಳಿ ಬರುತ್ತಾನೆ ಎಂದು ಭರವಸೆ ಕೊಡಲು ನನ್ನಿಂದಾಗದು. ಬಂದವರನ್ನೂ ಬಾರದವರನ್ನೂ ಕಂಡಿದ್ದೇನೆ. ಬಂದವರಲ್ಲಿ ಬಹುಪಾಲು ಮಂದಿ, ಪ್ರಶ್ನೆ ಕೇಳಿದಾಗಲೂ ಮನೆಯಲ್ಲಿ ತಮ್ಮ ಜಾಗ ತಮಗೇ ಇತ್ತು ಎನ್ನುತ್ತಾರೆ.

ಅಯ್ಯನವರನ್ನು ದೂರ ಇಡಬೇಡಿ. ಎಷ್ಟೋ ಸಭಾಪಾಲಕರಿಗೆ ಮದುವೆ, ಮರಣ, ಕಮಿಟಿ ಸಭೆಗಳ ನಡುವೆ ಇಂಥ ಪ್ರಶ್ನೆಗೆ ತಯಾರಾಗಲು ಬಿಡುವೇ ಸಿಗುವುದಿಲ್ಲ. ಈ ಉತ್ತರವನ್ನು ಅವರಿಗೆ ತೋರಿಸಿ, ಯುವಜನರಿಗಾಗಿ ಒಂದು ಸಂಜೆ ಇಟ್ಟುಕೊಳ್ಳುವಂತೆ ಕೇಳಿ. ಅಲ್ಲಿ ಓದಲು ಇಷ್ಟು ಸಾಕು: ಲೂಕ 1ರ ಮೊದಲ ನಾಲ್ಕು ವಚನ, ಯೋಹಾನ 20, ಫಿಲಿಪ್ಪಿ 2, ಜೊತೆಗೆ ಪ್ಲಿನಿಯ ಪತ್ರ. ಮಗ ಬೆಂಗಳೂರಿನಿಂದ ಫೋನಿನಲ್ಲೇ ಸೇರಿಕೊಳ್ಳಬಹುದು. ಪತ್ರದ ಸಾರವನ್ನು ಕನ್ನಡದಲ್ಲಿ ಮಾಡಿಟ್ಟಿದ್ದೇನೆ, ಎರಡು ಪುಟ ಆಗುತ್ತದೆ. ಬೇಕಿದ್ದರೆ ಬರೆಯಿರಿ, ಕಳಿಸಿಕೊಡುತ್ತೇನೆ.